ಮಂಡಿ ಬದಲಾಯಿಸಿಕೊಂಡ ಪಿಸ್ಕಾಟವೇಯ ಕನ್ನಡ ಹಿರಿಯರಿಗೆ, ಅವರ ಮಕ್ಕಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಹಿರಿಯರೇ, ಅಕ್ಕತಂಗಿಯರೇ, ಅವರನ್ನು ನೋಡಿಕೊಳ್ಳುತ್ತಿರುವ ಮಕ್ಕಳೇ, ಸೊಸೆಯಂದಿರೇ, ಅಳಿಯಂದಿರೇ,



ನ್ಯೂಜೆರ್ಸಿಯ ಪಿಸ್ಕಾಟವೇ, ಎಡಿಸನ್, ಸೌತ್ ಪ್ಲೇನ್‌ಫೀಲ್ಡ್, ಸಾಮರ್‌ಸೆಟ್ ಸುತ್ತಿನ ಕನ್ನಡದ ಮನೆಗಳಲ್ಲಿ ಮಂಡಿ ಬದಲಾಯಿಸಿಕೊಂಡವರು ಈಗ ಬೇಕಾದಷ್ಟು ಜನ ಇದ್ದೇವೆ. ಬೃಂದಾವನ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೋದರೆ ಸಾಲಿನ ತುದಿಯ ಕುರ್ಚಿ ಹಿಡಿದು, ಒಂದು ಕಾಲನ್ನು ನಡುದಾರಿಗೆ ಚಾಚಿ ಕೂತವರು ಕಣ್ಣಿಗೆ ಬೀಳುತ್ತಾರೆ. ಪಕ್ಕದಲ್ಲಿ ಹೋಗಿ ಕೂತು ಮಾತಾಡಿಸಿದರೆ ಹೆಚ್ಚುಕಡಿಮೆ ಒಂದೇ ಉತ್ತರ: "ಹಳೇ ನೋವು ಹೋಯ್ತಮ್ಮ. ಆದ್ರೆ ಕಾಲು ಮಡಚೋಕೇ ಆಗಲ್ಲ. ಏನ್ ಮಾಡೋದು, ಇಷ್ಟು ವಯಸ್ಸಾಯ್ತಲ್ಲ, ಅನುಸರಿಸಿಕೊಂಡು ಹೋಗೋದು."

ಆ ಕೊನೆಯ ಮಾತನ್ನು ಕೇಳಿ ಕೇಳಿ ಈ ಪತ್ರ ಬರೆಯುತ್ತಿದ್ದೇನೆ. ಶಸ್ತ್ರಚಿಕಿತ್ಸೆ ಆದಮೇಲೆ ಮಂಡಿ ಬಿಗಿದುಕೊಂಡರೆ ಅದಕ್ಕೆ ಚಿಕಿತ್ಸೆ ಇದೆ. ಆ ಚಿಕಿತ್ಸೆಗೆ ಗಡುವೂ ಇದೆ. ಆರನೇ ವಾರದಿಂದ ಹನ್ನೆರಡನೇ ವಾರದವರೆಗೆ ಸುಲಭವಾಗಿ ಬಿಡಿಸಬಹುದಾದ ಬಿಗಿತವನ್ನು ಆರು ತಿಂಗಳು ಸಹಿಸಿಕೊಂಡು ಬಂದವರಿಗೆ ಡಾಕ್ಟರರು ಕೊಡಬಹುದಾದ ದಾರಿಗಳು ಕಡಿಮೆಯಾಗಿರುತ್ತವೆ, ಕಷ್ಟದವೂ ಆಗಿರುತ್ತವೆ. ನಮ್ಮವರಲ್ಲಿ ಎಷ್ಟೋ ಜನ ಆ ಆರು ವಾರಗಳನ್ನು ತಾಳ್ಮೆಯ ಹೆಸರಿನಲ್ಲಿ ಕಳೆದುಕೊಳ್ಳುತ್ತಿದ್ದಾರೆ.

ನಾನು ಡಾಕ್ಟರಲ್ಲ. ತಿಪಟೂರಿನಲ್ಲಿ ಹುಟ್ಟಿ, ಬಹಳ ವರ್ಷಗಳಿಂದ ಪಿಸ್ಕಾಟವೇಯಲ್ಲಿ ಮಗನ ಮನೆಯಲ್ಲಿರುವ ಹೆಂಗಸು. ನನ್ನ ಬಲ ಮಂಡಿಯೂ ಹೀಗೇ ಬಿಗಿದುಕೊಂಡಿತ್ತು. ಅರಿವಳಿಕೆ ಕೊಟ್ಟು ಮಡಚಿಸುವ ಎರಡನೇ ಚಿಕಿತ್ಸೆ ಮಾಡಿಸಿಕೊಂಡು ಈಗ ಮಹಡಿ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಅಂದಿನಿಂದ ಪರಿಚಯದವರು, ಪರಿಚಯದವರ ಪರಿಚಯದವರು ಫೋನ್ ಮಾಡುತ್ತಾರೆ. ಎಲ್ಲರೂ ಕೇಳುವುದು ಅವೇ ಪ್ರಶ್ನೆಗಳನ್ನು. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ನಿಮ್ಮ ಕಾಲಿನ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಸರ್ಜನ್ ಮತ್ತು ಥೆರಪಿಸ್ಟ್ ಅವರದ್ದೇ.

ಮೊದಲು ಡಿಗ್ರಿ ಲೆಕ್ಕ. ಥೆರಪಿಯಲ್ಲಿ ಎರಡು ತೋಳಿನ ಪ್ಲಾಸ್ಟಿಕ್ ಕೋನಮಾಪಕವನ್ನು ಮಂಡಿಯ ಪಕ್ಕಕ್ಕೆ ಹಿಡಿದು, ಒಂದು ತೋಳನ್ನು ತೊಡೆಯ ಗುಂಟ, ಇನ್ನೊಂದನ್ನು ಪಾದದ ಗಿಣ್ಣಿನ ಕಡೆಗೆ ಇಟ್ಟು ಒಂದು ಸಂಖ್ಯೆ ಹೇಳುತ್ತಾರಲ್ಲ, ಅದನ್ನು ನೀವೂ ಬರೆದಿಟ್ಟುಕೊಳ್ಳಬೇಕು. ಕಾಲು ಪೂರ್ತಿ ನೀಟಾಗಿದ್ದರೆ ಸೊನ್ನೆ. ಮಡಚಿದಷ್ಟೂ ಸಂಖ್ಯೆ ಏರುತ್ತದೆ. ಸಮತಟ್ಟಾದ ನೆಲದಲ್ಲಿ ನಡೆಯಲು ಸುಮಾರು 65ರಿಂದ 70 ಡಿಗ್ರಿ ಸಾಕು. ಮೆಟ್ಟಿಲು ಹತ್ತಲು 80 ದಾಟಬೇಕು, ಇಳಿಯಲು 90ರ ಮೇಲೆ. ಕುರ್ಚಿಯಿಂದ ಕೈ ಊರದೆ ಏಳಲು 90ರಿಂದ 95. ತಗ್ಗಿನ ಸೋಫಾ ಆದರೆ 105ರ ಹತ್ತಿರ. ನೆಲಕ್ಕೆ ಬಿದ್ದದ್ದನ್ನು ಬಗ್ಗಿ ಎತ್ತಿಕೊಳ್ಳಲು 110 ದಾಟಬೇಕಾಗುತ್ತದೆ. ಕುಕ್ಕರಗಾಲಲ್ಲಿ ಕೂರಲು ಇದಕ್ಕಿಂತ ಬಹಳ ಹೆಚ್ಚು.

ಈ ಲೆಕ್ಕ ಗೊತ್ತಿದ್ದರೆ ನಿಮ್ಮ ಕಷ್ಟ ಎಲ್ಲಿದೆ ಎಂದು ನಿಮಗೇ ತಿಳಿಯುತ್ತದೆ. "ಮೆಟ್ಟಿಲು ಹತ್ತುತ್ತೇನೆ, ಇಳಿಯುವಾಗ ಮಾತ್ರ ಅಡ್ಡಡ್ಡ ಇಳಿಯಬೇಕು" ಅನ್ನುವವರ ಮಂಡಿ ಬಹುಶಃ 85ರ ಆಸುಪಾಸಿನಲ್ಲಿ ನಿಂತಿದೆ. ಆರು ವಾರಕ್ಕೆ 90 ಮುಟ್ಟದಿದ್ದರೆ ಬಹುತೇಕ ಸರ್ಜನ್‌ಗಳು ಮುಂದೇನು ಎಂದು ಯೋಚಿಸಲು ಶುರುಮಾಡುತ್ತಾರೆ.

ಇನ್ನೊಂದು ಕಡೆಗೆ ನಮ್ಮವರು ಗಮನವನ್ನೇ ಕೊಡುವುದಿಲ್ಲ. ಅದು ಕಾಲು ನೀಟಾಗುವುದು. ಮಡಚುವುದರ ಚಿಂತೆಯಲ್ಲಿ ನೀಟಾಗುವುದನ್ನು ಮರೆಯುತ್ತೇವೆ. ಮಂಡಿ ಹತ್ತು ಹದಿನೈದು ಡಿಗ್ರಿ ಬಾಗಿದಂತೆಯೇ ಉಳಿದುಬಿಟ್ಟರೆ ನಿಂತಷ್ಟು ಹೊತ್ತೂ ತೊಡೆಯ ಮುಂಭಾಗದ ಸ್ನಾಯು ದುಡಿಯುತ್ತಿರಬೇಕು, ಆ ಕಾಲು ಗಿಡ್ಡವಾದಂತಾಗಿ ಕುಂಟು ಬರುತ್ತದೆ, ಸೊಂಟ ಹಿಡಿಯುತ್ತದೆ. ಹಾಗಾಗಿ ದಯವಿಟ್ಟು ಮಂಡಿಯ ಕೆಳಗೆ ದಿಂಬು ಇಟ್ಟು ಮಲಗಬೇಡಿ. ಹಾಯೆನಿಸುತ್ತದೆ, ನಿಜ. ಸೊಸೆ ಪ್ರೀತಿಯಿಂದಲೇ ಇಡುತ್ತಾಳೆ. ಆದರೆ ಮಂಡಿ ಆ ಬಾಗಿದ ಸ್ಥಿತಿಯಲ್ಲೇ ಗಟ್ಟಿಯಾಗುತ್ತದೆ. ಟವೆಲ್ ಸುತ್ತಿ ಹಿಮ್ಮಡಿಯ ಕೆಳಗೆ ಇಡಿ, ಮಂಡಿಯ ಹಿಂಭಾಗ ತಾನಾಗಿ ಹಾಸಿಗೆಯ ಕಡೆಗೆ ಇಳಿಯಲಿ. ಎಳೆತ ಗೊತ್ತಾಗುತ್ತದೆ. ಸ್ವಲ್ಪ ಹೊತ್ತು ಅದನ್ನು ತಡೆದುಕೊಳ್ಳಿ.

ಒಳಗೆ ಏನಾಗಿರುತ್ತದೆ? ಸವೆದ ಮೂಳೆಯ ತುದಿಗಳನ್ನು ಕೊಯ್ದು ಲೋಹದ ಮತ್ತು ಗಟ್ಟಿ ಪ್ಲಾಸ್ಟಿಕ್ಕಿನ ಭಾಗಗಳನ್ನು ಕೂರಿಸಿದ ಮೇಲೆ ದೇಹ ಅದನ್ನು ದೊಡ್ಡ ಗಾಯ ಎಂದೇ ತಿಳಿಯುತ್ತದೆ. ಗಾಯ ಮಾಯಿಸಲು ನಾರಿನಂಥ ಅಂಗಾಂಶ ಬೆಳೆಸುತ್ತದೆ. ಕೆಲವರಲ್ಲಿ ಅದು ಅತಿಯಾಗಿ ಬೆಳೆದು, ಮಂಡಿಯ ಚಿಪ್ಪಿನ ಮೇಲೆ, ಅಕ್ಕಪಕ್ಕದಲ್ಲಿ ಒಂದಕ್ಕೊಂದು ಅಂಟಿಕೊಂಡು ಕೀಲನ್ನು ಹಿಡಿದುಬಿಡುತ್ತದೆ. ಡಾಕ್ಟರರು ಇದನ್ನು ಆರ್ಥ್ರೋಫೈಬ್ರೋಸಿಸ್ ಅನ್ನುತ್ತಾರೆ. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಮೆತ್ತಿದ ಅಂಟು ಹಸಿಯಿದ್ದಾಗ ಎಣ್ಣೆ ಹಚ್ಚಿದರೆ ಬರುತ್ತದೆ, ಒಣಗಿ ಕೂತರೆ ಉಜ್ಜಿದಷ್ಟೂ ಚರ್ಮ ಕೀಳುತ್ತದೆ. ಇದೂ ಹಾಗೇ. ಮೊದಲ ಮೂರು ತಿಂಗಳು ಮೆತ್ತಗಿರುತ್ತದೆ, ಆಮೇಲೆ ಬಲಿಯುತ್ತದೆ. ಗಡುವು ಎಂದೆನಲ್ಲ, ಅದು ಇದೇ.

ಇದು ಯಾರಿಗೆ ಬರುತ್ತದೆ? ಆಪರೇಷನ್‌ಗೆ ಮುಂಚೆಯೇ ಯಾರ ಮಂಡಿ ಮಡಚುತ್ತಿರಲಿಲ್ಲವೋ ಅವರಿಗೆ ಹೆಚ್ಚು. ನಮ್ಮವರು ಆಪರೇಷನ್ನನ್ನು ಮುಂದಕ್ಕೆ ಹಾಕುತ್ತಾ ಹಾಕುತ್ತಾ, ಕಾಲು ಬಿಲ್ಲಿನಂತೆ ಬಾಗುವ ತನಕ ಕಾಯುವುದಕ್ಕೆ ತೆರುವ ಬೆಲೆ ಇದು. ಸಕ್ಕರೆ ಕಾಯಿಲೆ ಇರುವವರಿಗೆ, ಆ ಮಂಡಿಗೆ ಮೊದಲೇ ಬೇರೆ ಆಪರೇಷನ್ ಆಗಿದ್ದವರಿಗೆ, ನೋವಿನ ಭಯದಿಂದ ಕಾಲು ಅಲುಗಾಡಿಸದವರಿಗೂ ಸಾಧ್ಯತೆ ಹೆಚ್ಚು. ಇವು ಯಾವುವೂ ಇಲ್ಲದೆ, ಹೇಳಿದ್ದನ್ನೆಲ್ಲ ಮಾಡಿದವರಿಗೂ ಬರುತ್ತದೆ. "ನೀನು ಸರಿಯಾಗಿ ಎಕ್ಸರ್‌ಸೈಜ್ ಮಾಡಲಿಲ್ಲ" ಎಂದು ಮಕ್ಕಳು ತಾಯಂದಿರನ್ನು ಗದರುವುದನ್ನು ಕೇಳಿದ್ದೇನೆ. ದಯವಿಟ್ಟು ಹಾಗೆ ಅನ್ನಬೇಡಿ. ಆ ಮಾತಿನಿಂದ ಮಂಡಿ ಮಡಚುವುದಿಲ್ಲ. ಅಮ್ಮ ನೋವನ್ನು ನಿಮ್ಮಿಂದ ಮುಚ್ಚಿಡುವುದನ್ನು ಕಲಿಯುತ್ತಾರೆ, ಅಷ್ಟೇ.

ಒಂದು ವಿಷಯ ನಮ್ಮೂರಿಗೆ ಹತ್ತಿರದ್ದು, ಹೇಳಲೇಬೇಕು. ಇಂದು ಜಗತ್ತಿನಲ್ಲೆಲ್ಲ ಕೂರಿಸುವ ಮಂಡಿಗಳ ಮೂಲ ಮಾದರಿಗಳಲ್ಲಿ ಮುಖ್ಯವಾದ ಟೋಟಲ್ ಕಾಂಡೈಲರ್ ಹುಟ್ಟಿದ್ದು ಇಲ್ಲೇ ನದಿಯಾಚೆ, ಮ್ಯಾನ್‌ಹಟನ್ನಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲಿ, 1974ರಲ್ಲಿ. ಅದನ್ನು ರೂಪಿಸಿದವರು ಜಾನ್ ಇನ್ಸಾಲ್, ಪೀಟರ್ ವಾಕರ್ ಮತ್ತು ಚಿತ್ತರಂಜನ್ ರಾಣಾವತ್. ಈ ರಾಣಾವತ್ ಮಧ್ಯಪ್ರದೇಶದಿಂದ ಬಂದವರು. ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರ ಎಡ ಮಂಡಿಯನ್ನು 2000ದ ಅಕ್ಟೋಬರಿನಲ್ಲಿ, ಬಲ ಮಂಡಿಯನ್ನು 2001ರ ಜೂನಿನಲ್ಲಿ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಬದಲಾಯಿಸಿದವರು ಅವರೇ. ಆಗ ಕರ್ನಾಟಕದ ಹಳ್ಳಿಹಳ್ಳಿಗೂ ಈ ಆಪರೇಷನ್ನಿನ ಸುದ್ದಿ ತಲುಪಿತು. ಸ್ಟ್ರೈಕರ್ ಕಂಪನಿಯ ಕೀಲುಗಳ ವಿಭಾಗ ಇರುವುದು ನ್ಯೂಜೆರ್ಸಿಯ ಮಾವಾದಲ್ಲಿ. ಇಷ್ಟು ಹತ್ತಿರದಲ್ಲಿ ಇಷ್ಟೊಂದು ವಿದ್ಯೆ ಇರುವಾಗ ನಾವು ಕೈಕಟ್ಟಿ ಕೂರಬೇಕಾಗಿಲ್ಲ ಎಂಬುದಕ್ಕಾಗಿ ಇದನ್ನು ಹೇಳಿದೆ. ಎಡಿಸನ್ನಿನಲ್ಲಿ ಜೆಎಫ್‌ಕೆ ಜಾನ್ಸನ್ ಪುನಶ್ಚೇತನ ಸಂಸ್ಥೆ ಇದೆ. ನ್ಯೂ ಬ್ರನ್ಸ್‌ವಿಕ್‌ನಲ್ಲಿ ರಾಬರ್ಟ್ ವುಡ್ ಜಾನ್ಸನ್, ಸೇಂಟ್ ಪೀಟರ್ಸ್ ಎಂಬ ಎರಡು ದೊಡ್ಡ ಆಸ್ಪತ್ರೆಗಳಿವೆ. ಎರಡನೇ ಅಭಿಪ್ರಾಯಕ್ಕೆ ನ್ಯೂಯಾರ್ಕಿಗೇ ಹೋಗಬೇಕೆಂದರೂ ಎಡಿಸನ್ ಸ್ಟೇಷನ್ನಿನಿಂದ ರೈಲು ನೇರವಾಗಿ ಪೆನ್ ಸ್ಟೇಷನ್ನಿಗೆ ಹೋಗುತ್ತದೆ.

ಹಾಗಿದ್ದೂ ಇಲ್ಲಿನ ಹಿರಿಯರ ಮಂಡಿ ಏಕೆ ಬಿಗಿದುಕೊಂಡು ಉಳಿಯುತ್ತದೆ ಎಂದರೆ, ನಾನು ಕಂಡ ಮಟ್ಟಿಗೆ ಮೂರು ಕಾರಣ: ಕಾರು, ಮಾತ್ರೆ, ಮಾತು.

ಕಾರಿನದು ಇಲ್ಲಿನ ಬದುಕಿನ ಕಷ್ಟ. ವಾರಕ್ಕೆ ಎರಡು ಮೂರು ಸಲ ಥೆರಪಿ, ಅದೂ ಮಕ್ಕಳ ಆಫೀಸಿನ ಹೊತ್ತಿನಲ್ಲೇ. ನಮ್ಮಲ್ಲಿ ಬಹಳಷ್ಟು ಹಿರಿಯರು ಇಲ್ಲಿ ಕಾರು ಓಡಿಸುವುದಿಲ್ಲ. ಸ್ಟೆಲ್ಟನ್ ರೋಡಿನಲ್ಲಿರುವ ಥೆರಪಿ ಸೆಂಟರಿಗೆ ಕಾರಿನಲ್ಲಿ ಹತ್ತು ನಿಮಿಷ. ಆದರೆ ವಾಕರ್ ಹಿಡಿದವರಿಗೆ ಅದು ಕೈಗೆಟುಕದ ದೂರ. ಮಗನಿಗೆ ಮೀಟಿಂಗು, ಸೊಸೆಗೆ ಮಕ್ಕಳನ್ನು ಸ್ಕೂಲಿನಿಂದ ಕರೆತರುವ ಹೊತ್ತು. "ಇವತ್ತೊಂದಿನ ಬೇಡ ಬಿಡಪ್ಪ, ಮನೇಲೇ ಮಾಡ್ಕೋತೀನಿ" ಎಂದು ಅಮ್ಮನೇ ಹೇಳುತ್ತಾರೆ, ಮಗನಿಗೂ ಸಮಾಧಾನ. ಹಾಗೆ ತಪ್ಪಿದ ದಿನಗಳೆಲ್ಲ ಆ ಮೊದಲ ವಾರಗಳವೇ ಆಗಿರುತ್ತವೆ. 2018ರ ಜನವರಿಯಿಂದ ಮೆಡಿಕೇರ್ ಈ ಆಪರೇಷನ್ನನ್ನು ಆಸ್ಪತ್ರೆಯಲ್ಲಿ ದಾಖಲಾಗಿಯೇ ಮಾಡಿಸಿಕೊಳ್ಳಬೇಕಾದವುಗಳ ಪಟ್ಟಿಯಿಂದ ತೆಗೆದುಹಾಕಿತು. ಈಗ ಎಷ್ಟೋ ಜನ ಬೆಳಿಗ್ಗೆ ಹೋಗಿ ಸಂಜೆಗೋ ಮರುದಿನವೋ ಮನೆಗೆ ಬಂದುಬಿಡುತ್ತಾರೆ. ಅದು ಒಳ್ಳೆಯದೇ. ಆದರೆ ಆಸ್ಪತ್ರೆಯ ಕೆಲಸದ ಒಂದು ಪಾಲು ಮನೆಯವರ ಹೆಗಲಿಗೆ ಬಂದಿದೆ ಎಂಬುದನ್ನು ಆಪರೇಷನ್ನಿಗೆ ದಿನ ಗೊತ್ತುಮಾಡುವಾಗಲೇ ಮಕ್ಕಳು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರಜೆಯನ್ನು ಆಪರೇಷನ್ನಿನ ವಾರಕ್ಕೆ ಮಾತ್ರ ಹಾಕಬೇಡಿ, ಮುಂದಿನ ವಾರಗಳಿಗೂ ಹಂಚಿಕೊಳ್ಳಿ. ಮಿಡಲ್‌ಸೆಕ್ಸ್ ಕೌಂಟಿಯಲ್ಲಿ ಹಿರಿಯರಿಗೆ ಮೊದಲೇ ಕಾಯ್ದಿರಿಸಿಕೊಳ್ಳುವ ವಾಹನ ಸೇವೆ ಇದೆ, ಅದನ್ನು ವಿಚಾರಿಸಿ.

"ಇನ್ಶೂರೆನ್ಸ್ ಮುಗೀತು, ಇನ್ನು ಥೆರಪಿ ಕೊಡಲ್ಲವಂತೆ" ಅನ್ನುವವರೂ ಇದ್ದಾರೆ. ಮೂಲ ಮೆಡಿಕೇರಿನಲ್ಲಿ ಥೆರಪಿಗಿದ್ದ ವಾರ್ಷಿಕ ಮಿತಿಯನ್ನು 2018ರ ಕಾನೂನಿನಲ್ಲೇ ರದ್ದು ಮಾಡಿದ್ದಾರೆ. ಒಂದು ಮೊತ್ತ ದಾಟಿದ ಮೇಲೆ ಚಿಕಿತ್ಸೆ ಇನ್ನೂ ಅಗತ್ಯ ಎಂದು ಥೆರಪಿಸ್ಟ್ ಬರೆದು ದೃಢಪಡಿಸಬೇಕಾಗುತ್ತದೆ. ಮೆಡಿಕೇರ್ ಅಡ್ವಾಂಟೇಜ್ ಪ್ಲಾನ್ ತೆಗೆದುಕೊಂಡವರಿಗೆ ಮುಂಚಿತ ಒಪ್ಪಿಗೆ ಬೇಕಾಗಬಹುದು. ಒಪ್ಪಿಗೆ ಸಿಗದಿದ್ದರೆ ಮೇಲ್ಮನವಿ ಹಾಕುವ ಹಕ್ಕು ನಿಮಗಿದೆ. ಫೋನಿನಲ್ಲಿ ಯಾರೋ ಆಗಲ್ಲ ಎಂದರು ಅಂತ ಸುಮ್ಮನಾಗಬೇಡಿ.

ಎರಡನೆಯದು ಮಾತ್ರೆ. ನೋವಿನ ಮಾತ್ರೆ ಎಂದರೆ ನಮ್ಮವರಿಗೆ ಭಯ: ಚಟವಾಗುತ್ತದೆ, ಕಿಡ್ನಿ ಹೋಗುತ್ತದೆ, ಮಲಬದ್ಧತೆ ಆಗುತ್ತದೆ. ಈ ಭಯದಲ್ಲಿ ನಿಜವೂ ಇದೆ. ಬಲವಾದ ಓಪಿಯಾಯ್ಡ್ ಮಾತ್ರೆಗಳನ್ನು ಕಡಿಮೆ ದಿನ, ಡಾಕ್ಟರ್ ಹೇಳಿದಷ್ಟೇ ತೆಗೆದುಕೊಂಡು ಬೇಗ ಇಳಿಸಬೇಕು. ಕಿಡ್ನಿ ತೊಂದರೆ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಯಾವ ನೋವಿನ ಮಾತ್ರೆಯನ್ನೂ ನುಂಗಬಾರದು. ಆದರೆ ಮಾತ್ರೆ ಪೂರ್ತಿ ಬಿಟ್ಟು, ಹಲ್ಲು ಕಚ್ಚಿಕೊಂಡು ಥೆರಪಿಗೆ ಹೋದರೆ ಮಂಡಿಯ ಸುತ್ತಲಿನ ಸ್ನಾಯುಗಳು ನೋವಿಗೆ ಬಿಗಿದು ಥೆರಪಿಸ್ಟಿನ ಕೈಗೆ ಎದುರು ನಿಲ್ಲುತ್ತವೆ, ಹೋಗಿಬಂದ ಫಲವೇ ಸಿಗುವುದಿಲ್ಲ. ಥೆರಪಿಗೆ ಅರ್ಧ ಮುಕ್ಕಾಲು ಗಂಟೆ ಮೊದಲು ಮಾತ್ರೆ, ಮುಗಿದ ಮೇಲೆ ಐಸ್, ಕಾಲು ಎದೆಯ ಮಟ್ಟಕ್ಕಿಂತ ಎತ್ತರಕ್ಕೆ. ಊತ ಇಳಿಯದೆ ಮಂಡಿ ಮಡಚುವುದಿಲ್ಲ.

ಎಣ್ಣೆ ನೀವುವವರಿಗೆ ಒಂದು ಎಚ್ಚರಿಕೆ. ಹೊಲಿಗೆಯ ಗೆರೆಯ ಹೊರಬದಿಯ ಚರ್ಮ ಮರಗಟ್ಟಿರುತ್ತದೆ. ಕೊಯ್ಯುವಾಗ ಅಲ್ಲಿನ ಸಣ್ಣ ನರ ತುಂಡಾಗುವುದರಿಂದ ಹಾಗಾಗುತ್ತದೆ, ಅದು ಸಾಮಾನ್ಯ. ಆ ಜಾಗಕ್ಕೆ ಬಿಸಿ ಎಣ್ಣೆ, ಮರಳಿನ ಶಾಖ, ಬಿಸಿನೀರಿನ ಚೀಲ ಇಟ್ಟರೆ ಸುಟ್ಟದ್ದೇ ಗೊತ್ತಾಗುವುದಿಲ್ಲ. ಬೊಬ್ಬೆಯೆದ್ದ ಚರ್ಮದಿಂದ ಸೋಂಕು ಒಳಗಿನ ಕೀಲಿಗೆ ಇಳಿಯಬಹುದು. ಊರಿನಿಂದ ತಂದ ಎಣ್ಣೆಯ ಮೇಲೆ ನನಗೂ ಪ್ರೀತಿ ಇದೆ, ಆದರೆ ಈ ಮಂಡಿಗೆ ಬೇಡ. ಹಾಗೆಯೇ ಮನೆಯ ಗಂಡುಮಕ್ಕಳು ಕಾಲು ಹಿಡಿದು ಬಲವಂತವಾಗಿ ಮಡಚುವ ಸಾಹಸವೂ ಬೇಡ. ಮೂಳೆ ಮುರಿಯಬಹುದು, ಚಿಪ್ಪಿನ ಕೆಳಗಿನ ಸ್ನಾಯುರಜ್ಜು ಹರಿಯಬಹುದು.

ಇನ್ನು ಮಾತು. ಥೆರಪಿಸ್ಟ್ ಹೇಗಿದ್ದೀರಿ ಎಂದು ಕೇಳಿದರೆ ನಮ್ಮ ಹಿರಿಯರು ನಕ್ಕು ತಲೆಯಾಡಿಸುತ್ತಾರೆ. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದರೆ ಸಂಕೋಚಕ್ಕೆ ಮೂರು ಅನ್ನುತ್ತಾರೆ. ರಾತ್ರಿ ನಿದ್ದೆಯಿಲ್ಲದೆ ಹೊರಳಾಡಿದ್ದನ್ನು ಹೇಳುವುದೇ ಇಲ್ಲ. ಆ ಸಂಕೋಚದ ಉತ್ತರಗಳೇ ನಿಮ್ಮ ಫೈಲಿನಲ್ಲಿ ದಾಖಲಾಗುತ್ತವೆ, ಸರ್ಜನ್ ಅವನ್ನೇ ಓದುತ್ತಾರೆ. ಇಂಗ್ಲಿಷ್ ತೊಡಕಾದರೆ ಕನ್ನಡದ ದುಭಾಷಿ ಬೇಕು ಎಂದು ಕೇಳಿ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಅದನ್ನು ಉಚಿತವಾಗಿ, ಫೋನಿನ ಮೂಲಕವಾದರೂ ಒದಗಿಸಬೇಕು. ಮಗಳನ್ನೋ ಮಗನನ್ನೋ ಮುಂದೆ ಬಿಟ್ಟುಕೊಂಡು ಹೆಂಗಸರು ತಮ್ಮ ನೋವನ್ನು ಪೂರ್ತಿ ಹೇಳುವುದಿಲ್ಲ. ಇದನ್ನು ನಾನು ಬಲ್ಲೆ.

ಮನೆಯಲ್ಲಿ ಮಾಡಬೇಕಾದ್ದನ್ನು ನಿಮ್ಮ ಥೆರಪಿಸ್ಟ್ ಹೇಳಿಕೊಟ್ಟಿರುತ್ತಾರೆ. ನನಗೆ ಹೆಚ್ಚು ನೆರವಾದದ್ದು ನಿಂತಲ್ಲೇ ತುಳಿಯುವ ಸೈಕಲ್. ಮೊದಮೊದಲು ಪೆಡಲ್ ಪೂರ್ತಿ ಸುತ್ತುವುದಿಲ್ಲ. ಅರ್ಧ ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ, ಉಯ್ಯಾಲೆಯಾಡಿಸಿದ ಹಾಗೆ. ಮೇಲಿನ ತುದಿಗೆ ಬರುವಷ್ಟರಲ್ಲಿ ಮಂಡಿ ತಡೆಯುತ್ತದೆ, ಸೊಂಟ ಸೀಟಿನಿಂದ ತಾನಾಗಿ ಮೇಲೇಳುತ್ತದೆ. ಸೊಂಟ ಏಳದ ಹಾಗೆ ಕೂರಬೇಕು, ತಡೆದಲ್ಲಿ ಒಂದು ಕ್ಷಣ ನಿಲ್ಲಿಸಬೇಕು, ಮತ್ತೆ ಹಿಂದಕ್ಕೆ. ಪೂರ್ತಿ ಸುತ್ತು ಮುಂದಕ್ಕಿಂತ ಹಿಂದಕ್ಕೆ ಮೊದಲು ಬರುತ್ತದೆ. ಒಂದು ಸಲ ಸುತ್ತಿತೆಂದರೆ ಮಂಡಿ ಸುಮಾರು 105 ಡಿಗ್ರಿ ದಾಟಿತು ಎಂದು ಲೆಕ್ಕ. ಸೈಕಲ್ ಇಲ್ಲದವರು ಕುರ್ಚಿಯಲ್ಲಿ ಕೂತು, ಕಾಲುಚೀಲ ಹಾಕಿದ ಪಾದವನ್ನು ಮರದ ನೆಲದ ಮೇಲೆ ಹಿಂದಕ್ಕೆ ಜಾರಿಸಿ, ಅಲ್ಲೇ ಊರಿಕೊಂಡು, ಪೃಷ್ಠವನ್ನು ನಿಧಾನ ಮುಂದಕ್ಕೆ ತಂದರೆ ಅದೇ ಎಳೆತ ಸಿಗುತ್ತದೆ. ದಿನಕ್ಕೆ ಒಂದು ಗಂಟೆ ಒಟ್ಟಿಗೆ ಮಾಡಿ ಮಂಡಿ ಊದಿಸಿಕೊಳ್ಳುವುದಕ್ಕಿಂತ ಹತ್ತು ಹತ್ತು ನಿಮಿಷ ಹಲವು ಸಲ ಮಾಡುವುದು ಮೇಲು. ಹಾಸಿಗೆಯಲ್ಲಿ ಮಲಗಿಸಿ ಕಾಲನ್ನು ತಾನಾಗಿ ಮಡಚುವ ಯಂತ್ರ ಬಾಡಿಗೆಗೆ ತರಬೇಕೆ ಎಂದು ಹಲವರು ಕೇಳುತ್ತಾರೆ. ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ ಎಂಬುದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರ ತೀರ್ಮಾನ. ಆ ಹಣವನ್ನು ಥೆರಪಿಗೆ ಹಾಕಿ.

ಇಷ್ಟೆಲ್ಲ ಮಾಡಿಯೂ ಸಂಖ್ಯೆ ಏರದಿದ್ದರೆ? ಮುಂದಿನ ಹೆಜ್ಜೆ ಅರಿವಳಿಕೆ ಕೊಟ್ಟು ಮಂಡಿ ಮಡಚಿಸುವುದು. ಎಂಯುಎ ಎಂದು ಕರೆಯುತ್ತಾರೆ. ಹೆಸರು ಕೇಳಿ ಹೆದರಬೇಡಿ, ಅದರಲ್ಲಿ ಕೊಯ್ಯುವುದೇ ಇಲ್ಲ. ಆಸ್ಪತ್ರೆಗೆ ಹೋದ ದಿನವೇ ಮನೆಗೆ ಬರಬಹುದು. ನೀವು ನಿದ್ದೆಯಲ್ಲಿರುವಾಗ, ಸ್ನಾಯುಗಳೆಲ್ಲ ಸಡಿಲವಾಗಿರುವಾಗ, ಸರ್ಜನ್ ಕಾಲನ್ನು ನಿಧಾನವಾಗಿ, ಸಮವಾದ ಒತ್ತಡದಲ್ಲಿ ಬಾಗಿಸುತ್ತಾರೆ. ಒಳಗಿನ ಅಂಟುಗಳು ಹರಿಯುತ್ತವೆ. ಕೆಲವೇ ನಿಮಿಷದ ಕೆಲಸ. ಸರಾಸರಿ 30 ಡಿಗ್ರಿಯಷ್ಟು ಲಾಭ ಸಿಗುತ್ತದೆ, ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ. ಮೂಳೆ ಬಿರುಕು ಬಿಡುವುದು, ಸ್ನಾಯುರಜ್ಜು ಹರಿಯುವುದು, ಒಳಗೆ ರಕ್ತ ಕೂಡುವುದು, ಇಂಥ ಅಪಾಯಗಳು ಇವೆಯಾದರೂ ಅಪರೂಪ. ಮೂಳೆ ಟೊಳ್ಳಾದವರು ಇದನ್ನು ಮೊದಲೇ ಹೇಳಬೇಕು. ಹನ್ನೆರಡು ವಾರದೊಳಗೆ ಮಾಡಿಸಿಕೊಂಡವರಿಗೆ ಫಲ ಹೆಚ್ಚು.

ನನಗೆ ಎಚ್ಚರವಾದಾಗ ಸರ್ಜನ್ ತಮ್ಮ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಹಸಿರು ಬಟ್ಟೆಯ ಮೇಲೆ ನನ್ನದೇ ಕಾಲು, ಹಿಮ್ಮಡಿ ತೊಡೆಯ ಹತ್ತಿರಕ್ಕೆ ಬಂದಿದೆ. ಇಷ್ಟು ಬಂದಿದೆ, ಇದನ್ನು ಉಳಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ ಎಂದರು. ಮರುದಿನವೇ ಥೆರಪಿ ಶುರು. ಅದಾದ ಮೊದಲ ಎರಡು ವಾರ ದಿನಾ ಹೋಗಬೇಕು. ಆಗ ಬಿಟ್ಟರೆ ಹರಿದ ಅಂಟು ಮತ್ತೆ ಕೂಡಿಕೊಳ್ಳುತ್ತದೆ. ಹಾಗಾಗಿ ಎಂಯುಎಗೆ ದಿನ ಗೊತ್ತುಮಾಡುವ ಮೊದಲೇ ಆ ಎರಡು ವಾರದ ಥೆರಪಿಯ ದಿನಗಳನ್ನೂ, ಕರೆದೊಯ್ಯುವವರನ್ನೂ ಗೊತ್ತುಮಾಡಿಕೊಳ್ಳಿ.

ಮಡಚಿಸುವ ಮೊದಲು ಸರ್ಜನ್ ಬೇರೆ ಕಾರಣಗಳನ್ನೂ ನೋಡಬೇಕು. ಸೋಂಕು ಇದೆಯೇ ಎಂದು ತಿಳಿಯಲು ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ, ಅನುಮಾನ ಬಂದರೆ ಸೂಜಿಯಿಂದ ಕೀಲಿನ ದ್ರವ ತೆಗೆದು ಪರೀಕ್ಷೆ. ಆ ದ್ರವ ತೆಗೆಯುವ ಮುಂಚೆ ಊರಿನಿಂದ ತಂದ ಆಂಟಿಬಯಾಟಿಕ್ ಮಾತ್ರೆ ನುಂಗಿಬಿಟ್ಟರೆ ರೋಗಾಣು ಪತ್ತೆಯಾಗುವುದೇ ಕಷ್ಟ. ಎಕ್ಸ್‌ರೇಯಲ್ಲಿ ಭಾಗಗಳು ಸರಿಯಾಗಿ ಕೂತಿವೆಯೇ, ಅಳತೆ ದೊಡ್ಡದಾಗಿದೆಯೇ, ಬೇಡದ ಕಡೆ ಮೂಳೆ ಬೆಳೆದಿದೆಯೇ ಎಂದು ನೋಡುತ್ತಾರೆ. ಮಂಡಿ ಕೆಲವು ತಿಂಗಳು ಬೆಚ್ಚಗಿರುವುದು, ಟಕ್ ಟಕ್ ಅನ್ನುವುದು ಮಾಮೂಲು. ಆದರೆ ಜ್ವರ, ಗಾಯದಿಂದ ಸೋರುವಿಕೆ, ಮೀನಖಂಡದ ಊತ ಮತ್ತು ನೋವು, ಅಥವಾ 100ರವರೆಗೆ ಮಡಚುತ್ತಿದ್ದ ಮಂಡಿ ಇದ್ದಕ್ಕಿದ್ದಂತೆ 80ಕ್ಕೆ ಇಳಿಯುವುದು ಕಂಡರೆ ಅದೇ ದಿನ ಫೋನ್ ಮಾಡಬೇಕು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ 911.

ಮೂರು ತಿಂಗಳು ದಾಟಿದವರು ಕೈಬಿಡಬೇಡಿ. ಹಂತಹಂತವಾಗಿ ಎಳೆತ ಹೆಚ್ಚಿಸುವ ಪಟ್ಟಿಗಳಿವೆ. ಸಣ್ಣ ರಂಧ್ರದ ಮೂಲಕ ದುರ್ಬೀನಿನಿಂದ ಅಂಟು ಬಿಡಿಸುವ ಶಸ್ತ್ರಚಿಕಿತ್ಸೆ ಇದೆ. ಭಾಗಗಳೇ ತಪ್ಪಾಗಿ ಕೂತಿದ್ದರೆ ಮತ್ತೆ ಬದಲಾಯಿಸುವುದಿದೆ. ಈ ಕೊನೆಯದರ ಬಗ್ಗೆ ಮಾತ್ರ ಬಹಳ ಯೋಚಿಸಿ, ಇಂಥ ಮರುಶಸ್ತ್ರಚಿಕಿತ್ಸೆಗಳನ್ನು ಹೆಚ್ಚು ಮಾಡಿದವರ ಹತ್ತಿರವೇ ಹೋಗಿ. ಬರೀ ಬಿಗಿತಕ್ಕಾಗಿ, ಕಾರಣ ಗೊತ್ತಾಗದೆ ಮಂಡಿಯನ್ನು ಮತ್ತೆ ಬದಲಾಯಿಸಿದರೆ ಬಿಗಿತ ಮರಳಿ ಬರುವುದುಂಟು.

ಈಗ ಊರಿನಲ್ಲಿ ಅಪ್ಪ ಅಮ್ಮನಿಗೆ ಆಪರೇಷನ್ ಮಾಡಿಸುವ ಮಕ್ಕಳಿಗೆ ಒಂದು ಮಾತು, ಈ ಪತ್ರದಲ್ಲಿ ನಾನು ಬಹಳ ಒತ್ತಿ ಹೇಳಬೇಕೆಂದಿರುವುದು. ಗ್ರೀನ್ ಕಾರ್ಡ್ ಬಂದು ಸತತ ಐದು ವರ್ಷ ಇಲ್ಲಿರದ ಪೋಷಕರಿಗೆ ಮೆಡಿಕೇರ್ ಸಾಮಾನ್ಯವಾಗಿ ಸಿಗುವುದಿಲ್ಲ. ವಿಸಿಟರ್ ಇನ್ಶೂರೆನ್ಸ್ ಹಳೆಯ ಕಾಯಿಲೆಗೆ ಕೊಡುವುದಿಲ್ಲ. ಭಾರತದಲ್ಲಿ 2017ರ ಆಗಸ್ಟಿನಲ್ಲಿ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ನಿಗದಿಯಾದದ್ದು 54,720 ರೂಪಾಯಿ. ಹೀಗಾಗಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಾಡಿಸುವುದೇ ಎಷ್ಟೋ ಕುಟುಂಬಗಳಿಗೆ ಸರಿಯಾದ ದಾರಿ, ಅಲ್ಲಿನ ಸರ್ಜನ್‌ಗಳ ಕೈ ಚೆನ್ನಾಗಿದೆ. ತೊಂದರೆ ಆಗುವುದು ಟಿಕೆಟ್ಟಿನಿಂದ. ಹೊಲಿಗೆ ಬಿಚ್ಚಿ, ವಾಕರ್ ಬಿಟ್ಟು, "ಈಗ ಓಡಾಡ್ತಾರೆ" ಎಂದು ಏಳೆಂಟು ವಾರಕ್ಕೆ ವಿಮಾನ ಹತ್ತಿಸಿ ಪಿಸ್ಕಾಟವೇಗೆ ಕರೆತರುತ್ತೀರಿ. ಬಿಗಿತ ಬಿಡಿಸಲು ಯಾವ ವಾರಗಳು ಬೇಕೋ ಅದೇ ವಾರಗಳಲ್ಲಿ ಅವರು ತಮ್ಮ ಸರ್ಜನ್‌ನಿಂದ ದೂರವಾಗಿರುತ್ತಾರೆ. ಇಲ್ಲಿ ಇನ್ಶೂರೆನ್ಸ್ ಇಲ್ಲ, ಬೇರೆಯವರು ಮಾಡಿದ ಮಂಡಿಯನ್ನು ಮುಟ್ಟಲು ಇಲ್ಲಿನ ಸರ್ಜನ್ ಹಿಂದೆಮುಂದೆ ನೋಡುತ್ತಾರೆ. ಮೇಲಾಗಿ ಅಷ್ಟು ಬೇಗ ದೀರ್ಘ ವಿಮಾನ ಪ್ರಯಾಣ ಮಾಡಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ.

ಮೂರು ತಿಂಗಳು ತುಂಬಿ, ಸರ್ಜನ್ ನೋಡಿ, ಡಿಗ್ರಿ ಅಳೆದು, ಸರಿ ಎಂದ ಮೇಲೆ ಕರೆತನ್ನಿ. ಆ ಮೂರು ತಿಂಗಳಲ್ಲಿ ಒಂದಷ್ಟು ದಿನ ನೀವೇ ಅಲ್ಲಿಗೆ ಹೋಗಿ ಇರಿ. ಮೊಮ್ಮಗುವಿನ ಹುಟ್ಟುಹಬ್ಬಕ್ಕೋ ಬಾಣಂತನಕ್ಕೋ ಅಮ್ಮ ಬೇಕೇಬೇಕು ಎಂದಾದರೆ ಆಪರೇಷನ್ನನ್ನೇ ಅದರ ನಂತರಕ್ಕೆ ಇಟ್ಟುಕೊಳ್ಳಿ. ಬರುವಾಗ ಡಿಸ್ಚಾರ್ಜ್ ಸಾರಾಂಶ, ಆಪರೇಷನ್ ಟಿಪ್ಪಣಿ, ಕೂರಿಸಿದ ಭಾಗಗಳ ಕಂಪನಿ, ಅಳತೆ, ಲಾಟ್ ಸಂಖ್ಯೆ ಇರುವ ಸ್ಟಿಕ್ಕರ್, ಎಕ್ಸ್‌ರೇಗಳು, ಇವೆಲ್ಲದರ ನಕಲು ಫೋನಿನಲ್ಲಿರಲಿ. ಮುಂದೆ ಎಲ್ಲಿ ಏನೇ ಮಾಡಿಸಬೇಕಾದರೂ ಮೊದಲು ಕೇಳುವುದು ಅವನ್ನೇ.

ಇನ್ನು ನೆಲದ ಮೇಲೆ ಕೂರುವ ಆಸೆ. ಚಕ್ಕಳಮಕ್ಕಳ ಹಾಕಿ ಪೂಜೆಗೆ ಕೂರಬೇಕು, ಬಾಗಿಲಲ್ಲಿ ಕೂತು ರಂಗೋಲಿ ಇಡಬೇಕು ಎಂಬುದು ನಮ್ಮ ಪೀಳಿಗೆಗೆ ಸಣ್ಣ ವಿಷಯವಲ್ಲ. "ಹೆಚ್ಚು ಮಡಚುವ ಮಂಡಿ" ಎಂದು ಹೆಚ್ಚು ಹಣಕ್ಕೆ ಮಾರುವವರಿದ್ದಾರೆ. ಆಪರೇಷನ್ನಿಗೆ ಮುಂಚೆ ಎಷ್ಟು ಮಡಚುತ್ತಿತ್ತು ಎಂಬುದರ ಮೇಲೆಯೇ ಆಮೇಲೆ ಎಷ್ಟು ಮಡಚುತ್ತದೆ ಎಂಬುದು ಬಹುಮಟ್ಟಿಗೆ ನಿಂತಿದೆ. ಕೆಲವರು ಕೂರುತ್ತಾರೆ, ಬಹಳ ಜನ ಕೂರುವುದಿಲ್ಲ. ಬಲವಂತ ಮಾಡಿ ಕೂರಬೇಡಿ. 95 ಬಂದರೆ ನಿಮ್ಮ ಅಡಿಗೆ, ನಿಮ್ಮ ಸ್ನಾನ, ನಿಮ್ಮ ಮೆಟ್ಟಿಲು ನಿಮ್ಮ ಕೈಯಲ್ಲಿರುತ್ತವೆ. 110 ಬಂದರೆ ಕಾರಿನ ಹಿಂದಿನ ಸೀಟೂ ಕಷ್ಟವಾಗುವುದಿಲ್ಲ. ಅದನ್ನು ಪಡೆಯುವ ತನಕ ಪಟ್ಟು ಬಿಡಬೇಡಿ. ಅದು ಬಂದ ಮೇಲೆ ದೇವರ ಮುಂದೆ ಕುರ್ಚಿ ಹಾಕಿಕೊಳ್ಳಲು ನಾಚಿಕೆ ಪಡಬೇಡಿ.

ಕೂಟದ ಪದಾಧಿಕಾರಿಗಳಲ್ಲಿ, ಸತ್ಯನಾರಾಯಣ ಪೂಜೆಗೆ ಕರೆಯುವ ಮನೆಯವರಲ್ಲಿ ನನ್ನದೊಂದು ಬೇಡಿಕೆ. ಊಟಕ್ಕೆ, ಪೂಜೆಗೆ ಎತ್ತರದ, ಕೈಯಿರುವ ಕುರ್ಚಿಗಳನ್ನು ಎಲ್ಲರ ನಡುವೆಯೇ ಹಾಕಿ, ಗೋಡೆಯ ಮೂಲೆಗೆ ಸರಿಸಬೇಡಿ. ಅದಕ್ಕಿಂತ ಮುಖ್ಯವಾದದ್ದು, ಹಗಲು ಹೊತ್ತಿನಲ್ಲಿ ಬಿಡುವಿರುವ, ಕಾರು ಓಡಿಸಬಲ್ಲವರ ಒಂದು ಪಟ್ಟಿ ಮಾಡಿ. ವಾರಕ್ಕೊಂದು ದಿನ, ಒಬ್ಬ ಹಿರಿಯರನ್ನು ಥೆರಪಿಗೆ ಕರೆದೊಯ್ದು ವಾಪಸು ಬಿಡುವಷ್ಟು ಕೆಲಸ. ಮೊದಲ ಹೆಸರುಗಳಲ್ಲಿ ನನ್ನ ಮಗನದೂ ಇರಲಿ, ಅವನಿಗೆ ಶುಕ್ರವಾರ ಬಿಡುವಿದೆ, ಅವನೇ ಒಪ್ಪಿದ್ದಾನೆ.

ಓದುತ್ತಿರುವ ನಿಮ್ಮಲ್ಲಿ ಯಾರಿಗಾದರೂ ಆಪರೇಷನ್ ಆಗಿ ಆರು ವಾರ ಕಳೆದಿದ್ದು, ಮಂಡಿ ಇನ್ನೂ 90 ಡಿಗ್ರಿ ಮಡಚದಿದ್ದರೆ, ಮುಂದಿನ ಅಪಾಯಿಂಟ್‌ಮೆಂಟಿನ ತನಕ ಕಾಯಬೇಡಿ. ನಾಳೆ ಬೆಳಿಗ್ಗೆ ನಿಮ್ಮ ಸರ್ಜನ್ ಆಫೀಸಿಗೆ ಫೋನ್ ಮಾಡಿ, ಇಷ್ಟನೇ ವಾರ, ಇಷ್ಟು ಡಿಗ್ರಿ ಎಂದು ಸಂಖ್ಯೆ ಸಮೇತ ಹೇಳಿ, ಈ ವಾರವೇ ನೋಡಬೇಕು ಎಂದು ಕೇಳಿ.

ಇಂತಿ ನಿಮ್ಮವಳು,
ಪಿಸ್ಕಾಟವೇಯ ಒಬ್ಬ ಕನ್ನಡತಿ